ಶೀನಾ ರಿಂಗೊ ಪ್ರಯೋಗಕ್ಕೆ, ಉತಾದಾ ಹಿಕಾರು ಮಾರುಕಟ್ಟೆಗೆ ಎಂಬ ವಿಂಗಡಣೆ ಸರಿಯೆ?

ಪ್ರಶ್ನೆ: ಅನಿಮೆ ನೋಡುತ್ತ ನೋಡುತ್ತ ನನಗೆ ಜಪಾನಿನ ಪಾಪ್ ಸಂಗೀತದ ರುಚಿ ಹತ್ತಿತು. ಈಗ ಉತಾದಾ ಹಿಕಾರು, ಶೀನಾ ರಿಂಗೊ, ಯೊನೆಜು ಕೆನ್‌ಶಿ, ಫುಜಿಯಿ ಕಾಜೆ, ಪರ್ಫ್ಯೂಮ್ ಮುಂತಾದವರ ಹಾಡುಗಳನ್ನು ದಿನವೂ ಕೇಳುತ್ತೇನೆ. ಇವರಲ್ಲಿ ಶೀನಾ ಒಬ್ಬರೇ ನಿಜವಾದ ಪ್ರಯೋಗಶೀಲರು, ಉತಾದಾ ಮಾರುಕಟ್ಟೆಗೆ ತಕ್ಕಂತೆ ಹಾಡುವವರು ಎಂದು ಗೆಳೆಯರೊಬ್ಬರು ವಾದಿಸುತ್ತಾರೆ. ಜಪಾನಿನಲ್ಲಿ ಪ್ರಯೋಗ ಮಾಡಿದವರು ಕೇಳುಗರನ್ನು ಕಳೆದುಕೊಳ್ಳಲೇಬೇಕೆ? ಈ ಗಾಯಕರನ್ನು ಹೋಲಿಸಲು ಯಾವ ಅಳತೆಗೋಲು ಹಿಡಿಯಬೇಕು?

ಉತ್ತರ: ನಿಮ್ಮ ಗೆಳೆಯರ ಕಿವಿ ತಪ್ಪಿಲ್ಲ, ಹಿಡಿದ ಅಳತೆಗೋಲು ತಪ್ಪಿದೆ. ಶೀನಾ ರಿಂಗೊ ಅವರ ಹಾಡಿನಲ್ಲಿ ಪ್ರಯೋಗವು ಜಗಲಿಯ ಮೇಲೆಯೇ ಕುಳಿತಿರುತ್ತದೆ. ಬಂದವರಿಗೆ ಮೊದಲು ಕಾಣುವುದೇ ಅದು. ಉತಾದಾ ಹಿಕಾರು ಅವರ ಹಾಡಿನ ಜಗಲಿ ಊರಿನ ಎಲ್ಲ ಮನೆಗಳ ಜಗಲಿಯಂತೆಯೇ ಇರುತ್ತದೆ. ಪ್ರಯೋಗವು ನಡುಮನೆ ದಾಟಿ ಒಳಗೆ ಹೋದವರಿಗೆ ಸಿಗುತ್ತದೆ. ಹಾಗಾಗಿ ಪ್ರಯೋಗಶೀಲರು ಒಂದು ಕಡೆ, ಜನಪ್ರಿಯರು ಇನ್ನೊಂದು ಕಡೆ ಎಂದು ಗಾಯಕರನ್ನು ಸಾಲಾಗಿ ನಿಲ್ಲಿಸುವುದಕ್ಕಿಂತ, ಪ್ರತಿಯೊಬ್ಬರೂ ಹಾಡಿನ ಯಾವ ಭಾಗದಲ್ಲಿ ಹೊಸತಕ್ಕೆ ಕೈಹಾಕಿದರು, ಯಾವ ಭಾಗವನ್ನು ಕೇಳುಗರಿಗಾಗಿ ಹಾಗೆಯೇ ಉಳಿಸಿಕೊಂಡರು ಎಂದು ವಿಚಾರಿಸುವುದು ಒಳ್ಳೆಯದು. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದೇ ಆಲ್ಬಮ್ಮಿನ ಲೆಕ್ಕದಲ್ಲಿ ನೋಡಿದರೆ, ಶೀನಾ ಅವರು 2003ರಲ್ಲಿ ತಂದ ಕೃತಿಯಷ್ಟು ಎದೆಗಾರಿಕೆಯ ಕೆಲಸವನ್ನು ಆ ಮಟ್ಟದ ಜನಪ್ರಿಯತೆಯಲ್ಲಿದ್ದ ಬೇರೆ ಜಪಾನಿ ಗಾಯಕರಲ್ಲಿ ನಾನು ಕೇಳಿಲ್ಲ. ಕಾಲು ಶತಮಾನದ ಇಡೀ ಪಯಣದ ಲೆಕ್ಕದಲ್ಲಿ ನೋಡಿದರೆ, ಉತಾದಾ ಅವರು ನಡೆದ ದೂರವೇ ಹೆಚ್ಚು.

ಇಬ್ಬರೂ ಒಂದೇ ಹೊಸ್ತಿಲು ದಾಟಿ ಬಂದವರು ಎಂಬುದನ್ನು ಮರೆಯಬಾರದು. ಶೀನಾ ಅವರ ಮೊದಲ ಸಿಂಗಲ್ (ಆಲ್ಬಮ್ಮಿನಿಂದ ಬೇರೆಯಾಗಿ ಬಿಡುಗಡೆಯಾಗುವ ಹಾಡು) 1998ರ ಮೇ ತಿಂಗಳಲ್ಲಿ ಬಂದಿತು, ಉತಾದಾ ಅವರದು ಅದೇ ವರ್ಷದ ಡಿಸೆಂಬರಿನಲ್ಲಿ. ಇಬ್ಬರನ್ನೂ ಹೊರತಂದದ್ದು ತೊಷಿಬಾ-ಇಎಂಐ ಸಂಸ್ಥೆ. ಆಗ ಶೀನಾ ಅವರಿಗೆ 19 ವರ್ಷ, ಉತಾದಾ ಅವರಿಗೆ 15. ಜಪಾನಿನಲ್ಲಿ ಸಿಡಿ ಮಾರಾಟ ತನ್ನ ತುದಿ ಮುಟ್ಟಿದ್ದು ಕೂಡ ಆ ವರ್ಷವೇ. 1999ರ ಮಾರ್ಚಿನಲ್ಲಿ ಬಂದ ಉತಾದಾ ಅವರ ‘ಫಸ್ಟ್ ಲವ್’ ಆಲ್ಬಮ್ ಜಪಾನಿನಲ್ಲಿ 76 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಆ ದಾಖಲೆಯನ್ನು ಇಂದಿಗೂ ಯಾರೂ ಮುರಿದಿಲ್ಲ. ಮರುವರ್ಷ ಮಾರ್ಚಿನಲ್ಲಿ ಬಂದ ಶೀನಾ ಅವರ ಎರಡನೆಯ ಆಲ್ಬಮ್ ‘ಶೋಸೊ ಸ್ಟ್ರಿಪ್’ 20 ಲಕ್ಷ ದಾಟಿತು. ಗಿಟಾರಿನ ಗದ್ದಲ ಕಿವಿಗೆ ರಾಚುವ, ಕಂಠವನ್ನು ಬೇಕೆಂದೇ ಒರಟಾಗಿಸಿಕೊಂಡು ಹಾಡಿದ ಆ ಆಲ್ಬಮ್ಮನ್ನು ಇಪ್ಪತ್ತು ಲಕ್ಷ ಮಂದಿ ಹಣ ಕೊಟ್ಟು ಕೊಂಡರು ಎಂದ ಮೇಲೆ, ಪ್ರಯೋಗ ಮಾಡಿದವರಿಗೆ ಜಪಾನಿನಲ್ಲಿ ಕೇಳುಗರಿಲ್ಲ ಎಂಬ ಮಾತನ್ನು ಹಾಗೆಯೇ ಒಪ್ಪಲಾಗದು. ಕಣಜ ತುಂಬಿದ್ದ ಕಾಲ ಅದು. ಅಂಥ ಕಾಲದಲ್ಲಿ ಸಂಸ್ಥೆಗಳು ಹೊಸ ಬೀಜ ಬಿತ್ತಲು ಹೆದರುವುದಿಲ್ಲ ಎಂಬ ಮಾತನ್ನೂ ಇದರ ಜೊತೆಗೇ ಸೇರಿಸಿಕೊಳ್ಳಬೇಕು.

ಮುಂದಿನ ಹೋಲಿಕೆಗೆ ಜಪಾನಿ ಪಾಪ್ ಹಾಡಿನ ಕಟ್ಟಡ ಗೊತ್ತಿರಬೇಕು. ನಮ್ಮ ಭಾವಗೀತೆ, ಚಿತ್ರಗೀತೆಗಳಲ್ಲಿ ಸಾಮಾನ್ಯವಾಗಿ ಪಲ್ಲವಿ ಮೊದಲು ಬರುತ್ತದೆ, ಚರಣಗಳು ಸುತ್ತಿ ಸುತ್ತಿ ಅಲ್ಲಿಗೇ ಮರಳುತ್ತವೆ. ಜಪಾನಿನಲ್ಲಿ ಬಹುಪಾಲು ಹಾಡುಗಳು ‘ಎ ಮೆಲೊ’ ಎಂಬ ಮೆಲುದನಿಯ ಭಾಗದಿಂದ ಹೊರಟು, ‘ಬಿ ಮೆಲೊ’ ಎಂಬ ಏರುವ ಮೆಟ್ಟಿಲನ್ನು ಹತ್ತಿ, ‘ಸಾಬಿ’ ಎಂಬ ಶಿಖರವನ್ನು ಮುಟ್ಟುತ್ತವೆ. ಸಾಬಿ ಎಂದರೆ ಅವರ ಪಲ್ಲವಿ. ಆದರೆ ಅದು ಕಾಯಿಸಿ ಬರುವ ಪಲ್ಲವಿ. ಟಿವಿ ಧಾರಾವಾಹಿಯ ಕೊನೆಯಲ್ಲಿ, ಜಾಹೀರಾತಿನಲ್ಲಿ, ಅನಿಮೆಯ ಒಂದೂವರೆ ನಿಮಿಷದ ಆರಂಭಗೀತೆಯಲ್ಲಿ ಜನರ ಕಿವಿಗೆ ಬೀಳುವುದು ಈ ಸಾಬಿಯೇ. ಕರಾಓಕೆ ಕೋಣೆಯಲ್ಲಿ ಗೆಳೆಯರೆಲ್ಲ ಮೈಕು ಹಂಚಿಕೊಂಡು ಹಾಡುವುದೂ ಅದನ್ನೇ. ಆದ್ದರಿಂದ ಜಪಾನಿನ ಗಾಯಕರಿಗೂ ಕೇಳುಗರಿಗೂ ನಡುವೆ ಒಂದು ಬರೆಯದ ಒಪ್ಪಂದವಿದೆ: ಸಾಬಿ ಹಾಡಲು ಬರುವಂತಿದ್ದರೆ ಉಳಿದ ಕಡೆ ನಿಮಗಿಷ್ಟ ಬಂದುದನ್ನು ಮಾಡಿಕೊಳ್ಳಿ. ಈ ಒಪ್ಪಂದವನ್ನು ಯಾರು ಹೇಗೆ ಬಳಸಿಕೊಂಡರು, ಯಾರು ಯಾವಾಗ ಮುರಿದರು ಎಂಬುದೇ ನೀವು ಕೇಳಿದ ಅಳತೆಗೋಲು.

ಉತಾದಾ ಅವರ ಮೊದಲ ಹಾಡು ‘ಆಟೊಮ್ಯಾಟಿಕ್’ ಅನ್ನೇ ತೆಗೆದುಕೊಳ್ಳೋಣ. ಜಪಾನಿ ಭಾಷೆ ಮಾತ್ರೆಗಳನ್ನು ಎಣಿಸುವ ಭಾಷೆ; ಹಾಯ್ಕುವಿನ ಐದು-ಏಳು-ಐದು ಎಂಬ ಲೆಕ್ಕವೂ ಮಾತ್ರೆಗಳದ್ದೇ. ಆ ದೇಶದ ಹಳೆಯ ಚಲಾವಣೆಯ ಹಾಡುಗಳಲ್ಲಿ ಒಂದು ಮಾತ್ರೆಗೆ ಒಂದು ಸ್ವರ ಎಂಬುದು ವಾಡಿಕೆ, ಪದ ಎಲ್ಲಿ ಮುಗಿಯುವುದೋ ಸಂಗೀತದ ಸಾಲೂ ಅಲ್ಲಿಯೇ ಉಸಿರು ಬಿಡುತ್ತದೆ. ಹದಿನೈದರ ಉತಾದಾ ಈ ವಾಡಿಕೆಯನ್ನು ಮೊದಲ ಸಾಲಿನಲ್ಲೇ ಮುರಿದರು. ಫೋನಿನ ಗಂಟೆ ಏಳನೆಯ ಸಲ ಬಾರಿಸಿದಾಗ ಯಾರೋ ರಿಸೀವರ್ ಎತ್ತಿಕೊಳ್ಳುವ ಚಿತ್ರ ಆ ಸಾಲಿನದು. ಅದರಲ್ಲಿ ಗಂಟೆ ಎಂಬರ್ಥದ ‘ಬೆರು’ ಎಂಬ ಎರಡೇ ಮಾತ್ರೆಯ ಪದ ನಡುವೆ ತುಂಡಾಗುತ್ತದೆ: ‘ಬೆ’ ಒಂದು ಉಸಿರಿನ ಕೊನೆಗೆ, ‘ರು’ ಮುಂದಿನ ಉಸಿರಿನ ಮೊದಲಿಗೆ. ನಮ್ಮ ಛಂದಸ್ಸಿನಲ್ಲಿ ಇದಕ್ಕೆ ಯತಿಭಂಗ ಎನ್ನುತ್ತೇವೆ. ಯತಿ ಮೀರುವುದನ್ನು ಹಳಗನ್ನಡದ ಕವಿಗಳು ದೋಷವೆಂದು ಎಣಿಸದೆ ಪದ್ಯದ ಓಟಕ್ಕೆ ಬಳಸಿಕೊಂಡಂತೆ, ಉತಾದಾ ಅವರೂ ಅಮೆರಿಕದ ಆರ್‌ ಆಂಡ್‌ ಬಿ (ರಿದಮ್ ಆಂಡ್ ಬ್ಲೂಸ್) ಲಯದ ಓಟವನ್ನು ಜಪಾನಿ ಭಾಷೆಯೊಳಕ್ಕೆ ತರಲು ಇದನ್ನು ಬಳಸಿಕೊಂಡರು. ಕರಾಓಕೆ ಪರದೆಯ ಮೇಲೆ ಇದು ಕಣ್ಣಿಗೇ ಕಾಣುತ್ತದೆ. ಹಾಡುತ್ತ ಹೋದಂತೆ ಅಕ್ಷರಗಳು ಒಂದೊಂದಾಗಿ ಬಣ್ಣ ತುಂಬಿಕೊಳ್ಳುವುದು ಆ ಪರದೆಯ ಕ್ರಮ. ಬೇರೆ ಹಾಡುಗಳಲ್ಲಿ ಆ ಬಣ್ಣ ಸಮವಾಗಿ ಹರಿದುಕೊಂಡು ಹೋದರೆ, ಇಲ್ಲಿ ಪದದ ನಡುವೆ ತಡೆದು ನಿಂತು, ಮತ್ತೆ ಒಮ್ಮೆಗೇ ಧಾವಿಸುತ್ತದೆ. ಹಾಡಲು ನಿಂತವರ ಉಸಿರು ಅಲ್ಲಿಯೇ ಕೈಕೊಡುತ್ತದೆ. ಇಷ್ಟಾದರೂ ಸಾಬಿ ಬಂದೊಡನೆ ಎಲ್ಲರೂ ಹಾಡಬಲ್ಲರು. ಈ ಸೂಕ್ಷ್ಮವನ್ನು ಗಮನಿಸದವರಿಗೆ ಅದು ಕೇವಲ ಇಂಪಾದ ಪಾಪ್ ಹಾಡಾಗಿ ಕೇಳಿಸುತ್ತದೆ. ನಿಮ್ಮ ಗೆಳೆಯರಿಗೆ ಆದದ್ದೂ ಅದೇ ಇರಬೇಕು.

ಉತಾದಾ ಅವರ ತಾಯಿ ಫುಜಿ ಕೇಕೊ ಎನ್‌ಕಾ ಎಂಬ ನೋವಿನ ಹಾಡುಗಳ ಪರಂಪರೆಯ ದೊಡ್ಡ ಗಾಯಕಿ. 1970ರಲ್ಲಿ ಅವರ ಎರಡು ಆಲ್ಬಮ್‌ಗಳು ಒಂದರ ಬೆನ್ನಿಗೊಂದು ಒಟ್ಟು 37 ವಾರ ಜಪಾನಿನ ಮಾರಾಟದ ಲೆಕ್ಕ ಹೇಳುವ ಒರಿಕಾನ್ ಪಟ್ಟಿಯ ಮೊದಲ ಸ್ಥಾನದಲ್ಲಿದ್ದವು. ಆ ತಾಯಿ 2013ರಲ್ಲಿ ತೀರಿಕೊಂಡರು. ಅದಕ್ಕೂ ಮೊದಲೇ ಬಿಡುವು ಪಡೆದಿದ್ದ ಉತಾದಾ 2016ರಲ್ಲಿ ‘ಫ್ಯಾಂಟೋಮ್’ ಆಲ್ಬಮ್ಮಿನೊಂದಿಗೆ ಮರಳಿದಾಗ, ತಾಯಿಯನ್ನು ನೆನೆದು ಬರೆದ ಹಾಡೊಂದು ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಎನ್‌ಎಚ್‌ಕೆ ವಾಹಿನಿಯ ಬೆಳಗಿನ ಧಾರಾವಾಹಿಯ ಶೀರ್ಷಿಕೆಗೀತೆಯಾಗಿತ್ತು. ಅಷ್ಟು ಖಾಸಗಿ ದುಃಖ ದಿನವೂ ಬೆಳಗಿನ ಉಪಾಹಾರದ ಹೊತ್ತಿಗೆ ಮನೆಮನೆಯಲ್ಲಿ ಕೇಳಿಸಿತು. ಇದನ್ನು ಮಾರುಕಟ್ಟೆಗೆ ತಲೆಬಾಗುವುದು ಎಂದು ಕರೆಯಲು ನನಗೆ ಮನಸ್ಸು ಬಾರದು.

2022ರ ‘ಬ್ಯಾಡ್ ಮೋಡ್’ ಆಲ್ಬಮ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಅದರಲ್ಲಿ ಎವಾಂಗೆಲಿಯನ್ ಎಂಬ ಅನಿಮೆ ಚಿತ್ರಮಾಲೆಯ ಕೊನೆಯ ಸಿನಿಮಾದ ಹಾಡಿದೆ, ಟಿವಿ ಧಾರಾವಾಹಿಯ ಹಾಡಿದೆ, ಅಂದರೆ ಮಾರುಕಟ್ಟೆಯ ಕೊಂಡಿಗಳೆಲ್ಲ ಇವೆ. ಆದರೆ ಆ ಎರಡು ಹಾಡುಗಳನ್ನು ಜೊತೆಯಾಗಿ ರೂಪಿಸಿದವರು ಲಂಡನ್ನಿನ ಎ. ಜಿ. ಕುಕ್, ಪಾಪ್ ಸಂಗೀತದ ನುಣುಪನ್ನೇ ಅತಿಗೆ ಒಯ್ದು ಅದನ್ನು ವಿಚಿತ್ರವಾಗಿಸಿದ ಬಳಗದ ಮುಂದಾಳು ಅವರು. ಶೀರ್ಷಿಕೆಗೀತೆಯಲ್ಲಿ ಎಲೆಕ್ಟ್ರಾನಿಕ್ ಸಂಗೀತಗಾರ ಫ್ಲೋಟಿಂಗ್ ಪಾಯಿಂಟ್ಸ್ ಕೈಜೋಡಿಸಿದ್ದಾರೆ. ಮಾರ್ಸೇಲ್ ಪಟ್ಟಣದ ಹೆಸರನ್ನು ಹೊತ್ತ ಹಾಡಿನಲ್ಲೂ ಅವರಿದ್ದಾರೆ, ಮತ್ತು ಅದು ಹೆಚ್ಚುಕಡಿಮೆ 12 ನಿಮಿಷ ನಡೆಯುತ್ತದೆ. ಅಲ್ಲಿ ಏರುವ ಮೆಟ್ಟಿಲಿಲ್ಲ, ಶಿಖರವಿಲ್ಲ. ಕೆಲವೇ ಸಾಲುಗಳು ಮರಳಿ ಮರಳಿ ಬರುತ್ತವೆ, ಕೆಳಗೆ ನೃತ್ಯದ ಲಯ ಬಿಡದೆ ನಡೆಯುತ್ತದೆ, ಸ್ವಲ್ಪ ಹೊತ್ತಿನಲ್ಲಿ ಕಂಠವೇ ಹಿಂದೆ ಸರಿದು ಯಂತ್ರದ ನಾದಕ್ಕೆ ಜಾಗ ಬಿಟ್ಟುಕೊಡುತ್ತದೆ. ಸಾಬಿಯ ಒಪ್ಪಂದವನ್ನು ಇಪ್ಪತ್ತಮೂರು ವರ್ಷ ನಿಷ್ಠೆಯಿಂದ ಪಾಲಿಸಿ, ಕೇಳುಗರ ನಂಬಿಕೆ ಗಳಿಸಿ, ಆಮೇಲೆ ಆ ಒಪ್ಪಂದವನ್ನು ಸದ್ದಿಲ್ಲದೆ ಬದಿಗಿಟ್ಟ ಹಾಡು ಅದು. ರಾತ್ರಿ ಒಬ್ಬರೇ ಕುಳಿತು ಮೊದಲಿನಿಂದ ಕೊನೆಯವರೆಗೆ ಕೇಳಿ.

ಈಗ ಶೀನಾ ಅವರ ಕಡೆಗೆ ಬರುತ್ತೇನೆ. ನಾಲಿಗೆ ಹೊರಳಿಸಿ ಉಚ್ಚರಿಸುವ ರಕಾರ, ಬಳಕೆ ತಪ್ಪಿದ ಹಳೆಯ ಲಿಪಿಕ್ರಮದಲ್ಲಿ ಅಚ್ಚಾದ ಸಾಹಿತ್ಯ, ದಾದಿಯ ಉಡುಪಿನಲ್ಲಿ ಗಾಜು ಒಡೆಯುವ ವೀಡಿಯೊ ಇವೆಲ್ಲ ಜಗಲಿಯ ಮೇಲಿನ ಪ್ರಯೋಗಗಳು, ಮತ್ತು ನಿಮ್ಮ ಗೆಳೆಯರನ್ನು ಸೆಳೆದದ್ದು ಇವೇ ಎಂದು ಊಹಿಸುತ್ತೇನೆ. ನನ್ನ ಮಟ್ಟಿಗೆ ಶೀನಾ ಅವರ ಹೆಚ್ಚಿನ ಸಾಧನೆ ಇರುವುದು ಬೇರೆಡೆ. 1999ರ ಮೊದಲ ಆಲ್ಬಮ್ಮಿನಲ್ಲಿ ‘ಮರುನೊಉಚಿ ಸ್ಯಾಡಿಸ್ಟಿಕ್’ ಎಂಬ ಹಾಡಿದೆ. ಟೋಕಿಯೊ ಸುರಂಗ ರೈಲಿನ ನಿಲ್ದಾಣಗಳ ಹೆಸರುಗಳನ್ನೂ ಗಿಟಾರ್, ಆಂಪ್ಲಿಫೈಯರುಗಳ ಬ್ರ್ಯಾಂಡ್ ಹೆಸರುಗಳನ್ನೂ ಒಟ್ಟಿಗೆ ಪೋಣಿಸಿದ ಸಾಹಿತ್ಯ ಅದು. ಹಣವಿಲ್ಲದ ಎಳೆಯ ಸಂಗೀತಗಾರ್ತಿಯೊಬ್ಬಳು ನಗರದಲ್ಲಿ ಅಲೆಯುವ ಚಿತ್ರ ಅದರಲ್ಲಿ ಮೂಡುತ್ತದೆ. ಸಿಂಗಲ್ ಆಗಿ ಅದು ಎಂದೂ ಬಿಡುಗಡೆಯಾಗಲಿಲ್ಲ, ಆದರೂ ಶೀನಾ ಅವರ ಹಾಡುಗಳಲ್ಲಿ ಹೆಚ್ಚು ಪ್ರೀತಿ ಗಳಿಸಿದ ಕೆಲವೇ ಹಾಡುಗಳಲ್ಲಿ ಅದೊಂದು.

ಆ ಹಾಡಿನ ಅಡಿಯಲ್ಲಿ ಸುತ್ತುವ ಕಾರ್ಡ್‌ಗಳ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ, ಸಾಲು ಶೀನಾ ಅವರ ಸ್ವಂತದ್ದಲ್ಲ. 1980ರ ಹೊತ್ತಿನ ಅಮೆರಿಕದ ಸೋಲ್ ಸಂಗೀತದಲ್ಲಿ ಆಗಲೇ ಹೆಸರಾಗಿತ್ತು. ಕರ್ನಾಟಕ ಸಂಗೀತ ಬಲ್ಲವರಿಗೆ ಹೀಗೆ ಹೇಳಬಹುದು: ಶಂಕರಾಭರಣದ ಸ್ವರಗಳಲ್ಲಿ ಸಾಗುತ್ತಿದ್ದಂತೆ ಕ್ಷಣಕಾಲ ಶುದ್ಧ ಧೈವತವೊಂದು ಇಣುಕಿ, ಮನಸ್ಸನ್ನು ಒಂದು ಬಗೆಯ ಮಬ್ಬಿಗೆ ಎಳೆದು, ಮತ್ತೆ ಮೊದಲಿನ ದಾರಿಗೆ ತಂದು ಬಿಡುತ್ತದೆ. ಸಂಗತಿ ಏನೆಂದರೆ, ಜಪಾನಿನಲ್ಲಿ ಆ ಕಾರ್ಡ್ ಸಾಲಿಗೆ ಈ ಹಾಡಿನ ಹೆಸರನ್ನೇ ಮೊಟಕುಗೊಳಿಸಿ ‘ಮರುಸಾ ಶಿಂಕೊ’ ಎಂದು ಹೆಸರಿಟ್ಟಿದ್ದಾರೆ. ಶಿಂಕೊ ಎಂದರೆ ಸಾಗುವ ಕ್ರಮ. ಕಳೆದ ಹತ್ತು ವರ್ಷಗಳ ಎಷ್ಟೋ ಜನಪ್ರಿಯ ಜಪಾನಿ ಹಾಡುಗಳು ಈ ಸಾಲಿನ ಮೇಲೆಯೇ ನಿಂತಿವೆ. ಒಂದು ಕಾಲಕ್ಕೆ ಒಬ್ಬರ ವಿಚಿತ್ರ ರುಚಿಯಾಗಿದ್ದದ್ದು ಇಪ್ಪತ್ತು ವರ್ಷದಲ್ಲಿ ಊರಿನ ಅಡುಗೆಯಾಯಿತು. ಪ್ರಯೋಗವೂ ಜನಪ್ರಿಯತೆಯೂ ಎದುರಾಳಿಗಳೆಂಬ ನಂಬಿಕೆ ಇಲ್ಲಿಯೇ ಸಡಿಲವಾಗುತ್ತದೆ.

ನಾನು ಮೊದಲು ಹೇಳಿದ 2003ರ ಆಲ್ಬಮ್ ‘ಕರುಕಿ ಜಾಮೆನ್ ಕುರಿ ನೊ ಹಾನಾ’. ಹನ್ನೊಂದು ಹಾಡುಗಳು, ಸರಿಯಾಗಿ 44 ನಿಮಿಷ 44 ಸೆಕೆಂಡು. ಆರನೆಯ ಹಾಡು ನಡುಗಂಬ. ಅದರ ಹೆಸರಿಗೆ ಹೂವಿನ ದೇಟು ಎಂದರ್ಥ. ಅದರ ಎರಡೂ ಬದಿಯ ಹಾಡುಗಳ ಹೆಸರುಗಳು ಕನ್ನಡಿಯಲ್ಲಿ ಕಂಡಂತೆ ಒಂದಕ್ಕೊಂದು ಹೊಂದುತ್ತವೆ, ಮೊದಲನೆಯದು ‘ಧರ್ಮ’ ಎಂಬರ್ಥದ್ದು, ಕೊನೆಯದು ‘ಶವಯಾತ್ರೆ’. ಕೋಟೊ, ಷಾಮಿಸೆನ್‌ನಂಥ ದೇಸಿ ತಂತಿವಾದ್ಯಗಳು, ಪಾಶ್ಚಾತ್ಯ ವಾದ್ಯಮೇಳ, ಕಂಪ್ಯೂಟರಿನಲ್ಲಿ ಕತ್ತರಿಸಿ ಜೋಡಿಸಿದ ಸದ್ದುಗಳು ಎಲ್ಲವೂ ಒಂದರ ಮೇಲೊಂದು ಹೇರಿಕೊಂಡಿವೆ. ಒಂದು ಹಾಡು ಎಲ್ಲಿ ಮುಗಿಯಿತು, ಮುಂದಿನದು ಎಲ್ಲಿ ಶುರುವಾಯಿತು ಎಂದು ಹೇಳುವುದೇ ಕೆಲವೆಡೆ ಕಷ್ಟ. ಅದು ಒರಿಕಾನ್ ಪಟ್ಟಿಯ ಮೊದಲ ಸ್ಥಾನಕ್ಕೇನೋ ಬಂದಿತು, ಆದರೆ ಹಿಂದಿನ ಆಲ್ಬಮ್ಮಿಗಿದ್ದ ಕೊಳ್ಳುಗರಲ್ಲಿ ಬಹುಪಾಲು ಮಂದಿ ಜೊತೆಗೆ ಬರಲಿಲ್ಲ. ಆ ಬಳಿಕ ಶೀನಾ ಅವರು ಒಬ್ಬರೇ ಹಾಡುವುದನ್ನು ಬದಿಗಿಟ್ಟು ‘ಟೋಕಿಯೊ ಜಿಹೆನ್’ ಎಂಬ ತಂಡ ಕಟ್ಟಿದರು, ಜ್ಯಾಸ್ ಬಲ್ಲ ವಾದಕರನ್ನು ಸೇರಿಸಿಕೊಂಡು ಮತ್ತೆ ಕುಣಿಸುವ, ಹಾಡಿಸುವ ಸಂಗೀತದತ್ತ ತಿರುಗಿದರು. 2016ರ ರಿಯೊ ಒಲಿಂಪಿಕ್ಸ್ ಸಮಾರೋಪದಲ್ಲಿ ಮುಂದಿನ ಆತಿಥೇಯ ನಗರವಾದ ಟೋಕಿಯೊ ಒಲಿಂಪಿಕ್ ಧ್ವಜ ಪಡೆಯುವ ಕಾರ್ಯಕ್ರಮದ ಸಂಗೀತದ ಹೊಣೆ ವಹಿಸಿಕೊಂಡವರಲ್ಲಿ ಅವರೂ ಇದ್ದರು. ದೇಶದ ಪರವಾಗಿ ಜಗತ್ತಿನ ಮುಂದೆ ನಿಲ್ಲುವ ಆ ಕೆಲಸವನ್ನು ಅಂಚಿನಲ್ಲಿರುವ ಕಲಾವಿದರಿಗೆ ಯಾರೂ ಒಪ್ಪಿಸುವುದಿಲ್ಲ. ಅವರ ರಾಗಗಳ ಬೇರು ಯುದ್ಧಾನಂತರದ ಕಾಯೊಕ್ಯೊಕು ಗೀತೆಗಳಲ್ಲಿದೆ, ಅಂದರೆ ಅಜ್ಜಿ-ಅಜ್ಜಂದಿರು ರೇಡಿಯೊದಲ್ಲಿ ಕೇಳಿದ ಹಾಡುಗಳಲ್ಲಿ. ಮೇಲಿನ ಗದ್ದಲವನ್ನು ಸರಿಸಿ ರಾಗವನ್ನಷ್ಟೇ ಗುನುಗಿ ನೋಡಿದರೆ ಇದು ಗೊತ್ತಾಗುತ್ತದೆ.

ಪ್ರಯೋಗವನ್ನೂ ಜನಪ್ರಿಯತೆಯನ್ನೂ ಬೆಸೆಯುವುದು ಈ ಇಬ್ಬರಿಂದ ಶುರುವಾದದ್ದೂ ಅಲ್ಲ. ಹೊಸೊನೊ ಹರುಒಮಿ ಅವರು 1970ರ ದಶಕದ ಆರಂಭದಲ್ಲಿ ಜಪಾನಿ ಭಾಷೆಯಲ್ಲಿ ರಾಕ್ ಹಾಡಲು ಬರುತ್ತದೆಯೆ ಎಂಬ ಚರ್ಚೆ ಕಾವೇರಿದ್ದಾಗ, ಬರುತ್ತದೆ ಎಂದು ಹಾಡಿ ತೋರಿಸಿದ ‘ಹ್ಯಾಪಿ ಎಂಡ್’ ತಂಡದಲ್ಲಿದ್ದವರು; 1978ರಲ್ಲಿ ಸಾಕಾಮೊಟೊ ರ್‍ಯೂಇಚಿ, ತಾಕಾಹಾಶಿ ಯುಕಿಹಿರೊ ಅವರೊಡನೆ ‘ಯೆಲ್ಲೊ ಮ್ಯಾಜಿಕ್ ಆರ್ಕೆಸ್ಟ್ರಾ’ ಕಟ್ಟಿ ಎಲೆಕ್ಟ್ರಾನಿಕ್ ಸಂಗೀತಕ್ಕೆ ಹೊಸ ದಾರಿ ತೆರೆದವರು. ಅದೇ ಹೊಸೊನೊ 1983ರಲ್ಲಿ ದೇಶದ ಅತ್ಯಂತ ಜನಪ್ರಿಯ ಐಡಲ್ ಗಾಯಕಿ (ಹದಿಹರೆಯದವರ ಆರಾಧ್ಯ ತಾರೆ) ಮಾತ್ಸುದಾ ಸೇಕೊ ಅವರಿಗೆ ಹಾಡು ಕಟ್ಟಿಕೊಟ್ಟರು. ಸಾಹಿತ್ಯ ಬರೆದವರು ಹ್ಯಾಪಿ ಎಂಡ್ ತಂಡದ ಹಳೆಯ ಡ್ರಮ್ ವಾದಕ ಮಾತ್ಸುಮೊಟೊ ತಾಕಾಶಿ. ‘ತೆಂಗೊಕು ನೊ ಕಿಸ್ಸು’ ಎಂಬ ಆ ಹಾಡಿನಲ್ಲಿ ಶ್ರುತಿ ಎಷ್ಟು ಜಾಣತನದಿಂದ ಜಾಗ ಬದಲಿಸುತ್ತದೆ ಎಂದರೆ, ಸಂಗೀತ ಕಲಿತವರಿಗೂ ಮೊದಲ ಕೇಳ್ವಿಕೆಯಲ್ಲಿ ಲೆಕ್ಕ ಸಿಗುವುದಿಲ್ಲ. ಹದಿಹರೆಯದ ಅಭಿಮಾನಿಗಳು ಮಾತ್ರ ಅದನ್ನು ಸರಾಗವಾಗಿ ಹಾಡಿಕೊಂಡರು, ಹಾಡು ಮೊದಲ ಸ್ಥಾನಕ್ಕೆ ಬಂದಿತು. ಪ್ರಯೋಗ ಮಾಡುವವರೂ ಚಲಾವಣೆಯ ಹಾಡು ಕಟ್ಟುವವರೂ ಜಪಾನಿನಲ್ಲಿ ಹಲವು ಸಲ ಅದೇ ಮಂದಿ.

ಪರ್ಫ್ಯೂಮ್ ವಿಷಯದಲ್ಲಿಯೂ ಇದೇ ನಡೆಯಿತು. ಹಿರೊಶಿಮಾದ ಮೂವರು ಹುಡುಗಿಯರ ಈ ತಂಡಕ್ಕೆ 2003ರಿಂದ ಸಂಗೀತ ಕೊಟ್ಟವರು ನಕಾತಾ ಯಾಸುತಾಕಾ. 2007ರಲ್ಲಿ ಮರುಬಳಕೆಯ ಬಗ್ಗೆ ಜನಜಾಗೃತಿ ಮೂಡಿಸುವ ಟಿವಿ ಪ್ರಚಾರಕ್ಕೆ ಬಳಕೆಯಾದ ‘ಪೊಲಿರಿದಮ್’ ಹಾಡು ಈ ತಂಡವನ್ನು ದೇಶಕ್ಕೆಲ್ಲ ಪರಿಚಯಿಸಿತು. ಆ ಹಾಡಿನ ನಡುಭಾಗ ಬಂದಾಗ ಬೆರಳಿನಲ್ಲಿ ತಾಳ ಹಾಕಿ ನೋಡಿ. ಕೆಳಗೆ ಡ್ರಮ್ ನಾಲ್ಕರ ನಡೆಯಲ್ಲಿಯೇ ಇರುತ್ತದೆ, ಮೇಲೆ ಕಂಠಗಳು ಒಂದೇ ಪದವನ್ನು ಐದರ ಎಣಿಕೆಯಲ್ಲಿ ಸುತ್ತತೊಡಗುತ್ತವೆ, ಅದರ ಮೇಲೆ ಆರರ ಎಣಿಕೆ. ಎಂಟು ಅಕ್ಷರಗಳ ಒಂದು ಆವರ್ತ ಎಂದು ಹಿಡಿದರೆ, ಐದರ ಗುಂಪು ಮತ್ತೆ ಸಮಕ್ಕೆ ಬಂದು ಕೂಡಲು ಐದು ಆವರ್ತ, ಅಂದರೆ 40 ಅಕ್ಷರ ಬೇಕು. ಚತುರಶ್ರದ ಮೇಲೆ ಖಂಡವನ್ನು ಹೇರಿ ಮುಕ್ತಾಯ ಕಟ್ಟುವುದನ್ನು ಮೃದಂಗದ ತನಿಯಲ್ಲಿ ಕೇಳಿದವರಿಗೆ ಇದು ತಟ್ಟನೆ ಹಿಡಿಯುತ್ತದೆ. ಪಾಪ್ ಹಾಡಿನಲ್ಲಿ, ಅದೂ ಕಸ ವಿಂಗಡಿಸಿ ಎಂದು ಹೇಳುವ ಪ್ರಚಾರಕ್ಕೆ ಬಂದ ಹಾಡಿನಲ್ಲಿ, ಇದು ಸಿಗುವುದೇ ಅಚ್ಚರಿ. ಸುತ್ತಿ ಸುತ್ತಿ ಮತ್ತೆ ಬಳಕೆಗೆ ಬರುವುದು ಎಂಬ ಅರ್ಥವನ್ನು ಲಯದಲ್ಲಿಯೇ ಹೇಳಿದ ಚೆಲುವು ಅದು. ಸಾಬಿ ಮಾತ್ರ ಮಕ್ಕಳೂ ಹಾಡುವಷ್ಟು ಸರಳ.

ಯೊನೆಜು ಕೆನ್‌ಶಿ ಅವರ ದಾರಿ ಬೇರೆ. 2007ರಲ್ಲಿ ಸಾಪ್ಪೊರೊ ನಗರದ ಸಂಸ್ಥೆಯೊಂದು ‘ಹಾತ್ಸುನೆ ಮಿಕು’ ಎಂಬ ಕೃತಕ ಕಂಠದ ತಂತ್ರಾಂಶ ತಂದಿತು. ಮನೆಯ ಕೋಣೆಯಲ್ಲಿ ಕುಳಿತ ಎಳೆಯರು ಅದಕ್ಕೆ ಹಾಡು ಬರೆಯತೊಡಗಿದರು, ಯೊನೆಜು ಅವರೂ ‘ಹಾಚಿ’ ಎಂಬ ಹೆಸರಿನಲ್ಲಿ ಬರೆದರು. ಯಂತ್ರಕ್ಕೆ ಉಸಿರು ಬೇಕಿಲ್ಲ, ಆದ್ದರಿಂದ ರಾಗಗಳು ಮನುಷ್ಯರ ಗಂಟಲಿಗೆ ನಿಲುಕದಷ್ಟು ವೇಗ ಪಡೆದುಕೊಂಡವು, ಸ್ಥಾಯಿಯಿಂದ ಸ್ಥಾಯಿಗೆ ಹಾರಿದವು. ಆಮೇಲೆ ಮನುಷ್ಯರೇ ಅವನ್ನು ಹಾಡಲು ಕಲಿತರು. 2020ರ ಅಕ್ಟೋಬರಿನಲ್ಲಿ, ಹದಿನೆಂಟು ತುಂಬುವ ಹಿಂದಿನ ದಿನ, ಆಡೊ ಎಂಬ ಗಾಯಕಿ ‘ಉಸ್ಸೇವಾ’ ಹಾಡಿದಾಗ ಜನ ಬೆರಗಾದ ಆ ಕಂಠದ ಜಿಗಿತಗಳೆಲ್ಲ ಈ ಪರಂಪರೆಯ ಫಲ. ಯೊನೆಜು ಅವರ ‘ಲೆಮನ್’ 2018ರಲ್ಲಿ ಟಿವಿ ಧಾರಾವಾಹಿಯೊಂದರ ಹಾಡಾಗಿ ಬಂದಿತು. ಬರೆಯುವ ಹೊತ್ತಿನಲ್ಲಿಯೇ ಅವರ ಅಜ್ಜ ತೀರಿಕೊಂಡರು, ಹಾಡಿನ ದುಃಖ ಅಲ್ಲಿಂದ ಬಂದದ್ದು. ಅಷ್ಟು ಗಂಭೀರವಾದ ಶೋಕಗೀತೆಯ ಚರಣದಲ್ಲಿ, ಲಯದ ನಡುವೆ, ಯಾರೋ ಬಿಕ್ಕಳಿಸಿದಂತೆ ‘ವೆ’ ಎಂಬ ತುಂಡುದನಿಯೊಂದು ಮರಳಿ ಮರಳಿ ಬರುತ್ತದೆ. ಮೊದಲು ಕೇಳಿದಾಗ ತಪ್ಪಿ ಸೇರಿಕೊಂಡಿತೇ ಎನಿಸುತ್ತದೆ. ನಾಲ್ಕೈದು ಸಲ ಕೇಳಿದ ಮೇಲೆ, ಅದಿಲ್ಲದಿದ್ದರೆ ಹಾಡು ಅತಿಯಾಗಿ ಸಿಹಿಯಾಗುತ್ತಿತ್ತು ಎಂದು ತಿಳಿಯುತ್ತದೆ. ಒಂದೇ ಒಂದು ಸದ್ದು ಇಡೀ ಹಾಡನ್ನು ಕಾಯುತ್ತದೆ.

ಫುಜಿಯಿ ಕಾಜೆ ಅವರ ಹೊಸತನ ಭಾಷೆಯಲ್ಲಿದೆ. ಜ್ಯಾಸ್ ಪಿಯಾನೊದ ಹದವರಿತ ಸಂಗೀತದ ಮೇಲೆ ಅವರು ಟೋಕಿಯೊದ ಶಿಷ್ಟ ಮಾತಿನ ಬದಲು ತಮ್ಮ ಒಕಾಯಾಮಾ ಸೀಮೆಯ ಆಡುಮಾತನ್ನು ಕೂರಿಸಿದರು, ಮತ್ತು ಅದನ್ನು ಹಾಸ್ಯಕ್ಕಾಗಿ ಮಾಡದೆ ಪ್ರೇಮಕ್ಕೂ ವೈರಾಗ್ಯಕ್ಕೂ ಬಳಸಿದರು. ನಮಗೆ ಹತ್ತಿರದ ಇನ್ನೊಂದು ಸಂಗತಿಯೂ ಇದೆ. 2020 ಮತ್ತು 2022ರ ಅವರ ಎರಡು ಆಲ್ಬಮ್‌ಗಳ ಹೆಸರು ‘ಹೆಲ್ಪ್ ಎವರ್ ಹರ್ಟ್ ನೆವರ್’ ಮತ್ತು ‘ಲವ್ ಆಲ್ ಸರ್ವ್ ಆಲ್’. ಪುಟ್ಟಪರ್ತಿಗೋ ಬೆಂಗಳೂರಿನ ವೈಟ್‌ಫೀಲ್ಡ್ ಆಶ್ರಮಕ್ಕೋ ಹೋಗಿ ಬಂದವರಿಗೆ ಇವು ಸತ್ಯ ಸಾಯಿಬಾಬಾ ಅವರ ಮಾತುಗಳೆಂದು ಬೇರೆ ಹೇಳಬೇಕಿಲ್ಲ. ಜಪಾನಿನ ಕೇಳುಗರಲ್ಲಿ ಇದು ಚರ್ಚೆಗೂ ಕಾರಣವಾಯಿತು. 2025ರ ಅವರ ಆಲ್ಬಮ್ಮಿನ ಹೆಸರು ‘ಪ್ರೇಮ’, ಮತ್ತು ಅದು ಪೂರ್ತಿಯಾಗಿ ಇಂಗ್ಲಿಷ್ ಹಾಡುಗಳದ್ದು. ಆಡುಮಾತಿನಿಂದ ಹೆಸರು ಗಳಿಸಿದವರು ಅದನ್ನು ಬಿಟ್ಟುಕೊಟ್ಟಿದ್ದು ನನಗೆ ಬೇಸರದ ಸಂಗತಿ, ಸಂಗೀತ ಎಷ್ಟೇ ಸೊಗಸಾಗಿದ್ದರೂ.

ಬೆಲೆ ತೆರಲೇಬೇಕೆ ಎಂದು ಕೇಳಿದ್ದೀರಿ. ಒಪ್ಪಂದದ ಹೊರಗೆ ನಿಂತರೆ ತೆರಲೇಬೇಕು. ಫ್ಯೂ ಎಂಬ ಗಾಯಕಿ 1981ರಲ್ಲಿ ಜರ್ಮನಿಯ ಕೊಲೋನ್ ಬಳಿಯ ಸ್ಟುಡಿಯೊದಲ್ಲಿ ‘ಕ್ಯಾನ್’ ತಂಡದ ವಾದಕರೊಡನೆ ಮಾಡಿದ ಧ್ವನಿಮುದ್ರಣದಲ್ಲಿ ಸಾಬಿಯೇ ಇಲ್ಲ. ಸಣ್ಣದೊಂದು ಬಳಗ ಅದನ್ನು ಇಂದಿಗೂ ಪ್ರೀತಿಯಿಂದ ಕೇಳುತ್ತದೆ, ಕರಾಓಕೆ ಕೋಣೆಗೆ ಅದು ಹೋಗುವುದಿಲ್ಲ. ಉತಾದಾ ಅವರೇ 2004ರಲ್ಲಿ ಇಂಗ್ಲಿಷಿನಲ್ಲಿ ಹಾಡಿ ಅಮೆರಿಕದಲ್ಲಿ ತಂದ ‘ಎಕ್ಸೋಡಸ್’ ಆಲ್ಬಮ್ ಬಿಲ್‌ಬೋರ್ಡ್ ಪಟ್ಟಿಯಲ್ಲಿ 160ನೆಯ ಸ್ಥಾನದಿಂದ ಮೇಲೇರಲಿಲ್ಲ. ಅಲ್ಲಿನ ಕೇಳುಗರೊಡನೆ ಅವರಿಗೆ ಅಂಥ ಒಪ್ಪಂದವೇ ಇರಲಿಲ್ಲವಲ್ಲ. ಇನ್ನು ಒಕಿನಾವಾದ ಆಮುರೊ ನಾಮಿಯೆ. 1997ರಲ್ಲಿ ಒಂದೇ ಸಿಂಗಲ್ 20 ಲಕ್ಷ ದಾಟುವಷ್ಟು ಜನಪ್ರಿಯರಾಗಿದ್ದವರು, 2000ದ ದಶಕದಲ್ಲಿ ತಮಗೆ ಹೆಸರು ತಂದ ಸಂಗೀತವನ್ನೇ ಬಿಟ್ಟು ಹಿಪ್‌ಹಾಪ್, ಆರ್‌ ಆಂಡ್‌ ಬಿ ಕಡೆ ತಿರುಗಿದರು. ಮಾರಾಟ ಕುಸಿಯಿತು. ಅವರು ಹಿಂದಿರುಗಿ ನೋಡಲಿಲ್ಲ, 2008ರ ಹೊತ್ತಿಗೆ ಕೇಳುಗರೇ ಅವರ ಹೊಸ ದಾರಿಗೆ ಬಂದು ಸೇರಿಕೊಂಡರು. 2018ರಲ್ಲಿ ನಿವೃತ್ತರಾಗುವ ಹೊತ್ತಿಗೆ ಅವರ ಕೊನೆಯ ಸಂಕಲನ ಮತ್ತೆ 20 ಲಕ್ಷ ದಾಟಿತ್ತು. ಸೋತು ಗೆದ್ದ ಆ ಹತ್ತು ವರ್ಷಗಳ ಬಗ್ಗೆ ನನಗೆ ಬಹಳ ಗೌರವವಿದೆ.

ನಿಮ್ಮ ಗೆಳೆಯರೊಡನೆ ವಾದ ಮುಂದುವರಿಸುವುದಕ್ಕೆ ಮೊದಲು ಇಬ್ಬರೂ ಒಟ್ಟಿಗೆ ಕುಳಿತು ಒಂದು ಹಾಡು ಕೇಳಬೇಕೆಂದು ಕೋರುತ್ತೇನೆ. ಉತಾದಾ ಮತ್ತು ಶೀನಾ ಮೊದಲಿನಿಂದಲೂ ಸ್ನೇಹಿತರು. 2002ರಲ್ಲಿ, 2016ರಲ್ಲಿ ಜೊತೆಯಾಗಿ ಹಾಡಿದ್ದಾರೆ. 2019ರ ನವೆಂಬರಿನಲ್ಲಿ, ಶೀನಾ ಅವರು ಹಾಡತೊಡಗಿ ಎರಡು ದಶಕ ತುಂಬಿದ ಸಂದರ್ಭದ ಸಂಕಲನಕ್ಕಾಗಿ, ಮತ್ತೊಮ್ಮೆ ಜೊತೆಗೂಡಿ ‘ರೊಮಾನ್ ತೊ ಸೊರೊಬಾನ್’ ಹಾಡಿದರು. ರೊಮಾನ್ ಎಂದರೆ ಕನಸು, ಸೊರೊಬಾನ್ ಎಂದರೆ ಅಂಗಡಿಯ ಲೆಕ್ಕದ ಮಣಿಚೌಕಟ್ಟು. ಜಪಾನಿನ ಆಧುನಿಕ ಉದ್ಯಮದ ಪಿತಾಮಹರೆನಿಸಿದ ಶಿಬುಸಾವಾ ಎಯಿಚಿ ಅವರು ಕನ್‌ಫ್ಯೂಷಿಯಸ್ ವಚನಗಳನ್ನೂ ಮಣಿಚೌಕಟ್ಟನ್ನೂ ಒಟ್ಟಿಗಿಟ್ಟು ಬರೆದ ಪ್ರಸಿದ್ಧ ಗ್ರಂಥದ ಹೆಸರಿನ ಮೇಲೆ ಮಾಡಿದ ಪದಚಮತ್ಕಾರ ಅದು. ಹಾಡಿಗೆ ಎರಡು ರೂಪಗಳಿವೆ, ಒಂದಕ್ಕೆ ಲಂಡನ್ನಿನ ಹೆಸರು, ಇನ್ನೊಂದಕ್ಕೆ ಟೋಕಿಯೊದ್ದು. ಲಂಡನ್ ರೂಪವನ್ನು ಮೊದಲು ಹಾಕಿಕೊಳ್ಳಿ, ಎರಡು ಕಂಠಗಳು ಸಾಲುಗಳನ್ನು ಹಂಚಿಕೊಳ್ಳುವ ಬಗೆಯನ್ನು ಗಮನಿಸಿ, ಪದಗಳ ನಡುವೆ ಉಸಿರು ಯಾರದು ಎಲ್ಲಿ ತುಂಡಾಗುತ್ತದೆ ಎಂದು ಕಿವಿಗೊಟ್ಟು ಕೇಳಿ.